ಜೊಳ್ಳು ಯಾವುದು, ಕಾಳು ಯಾವುದು: ರೋಬೋಕಾನ್‌ಗೆ ಅಂತ ದೆಹಲಿಗೆ ಹೋಗಿ ಬಂದ ಒಂದು ವಾರ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಹಳೆಯ ನೋಟ್‌ಬುಕ್ ಇದೆ. ರಟ್ಟಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ 'ಏನೇನು ಕೆಡಬಹುದು' ಅಂತ ಬರೆದಿದೆ. ನಮಗಿಂತ ಮೂರು ಬ್ಯಾಚ್ ಹಿಂದಿನ ಅಣ್ಣ ಒಬ್ಬರು ಶುರು ಮಾಡಿದ್ದು. ಎಡಗಡೆ ಪುಟದಲ್ಲಿ ಕೆಡಬಹುದಾದ್ದು, ಬಲಗಡೆ ಪುಟದಲ್ಲಿ ಅದಕ್ಕೆ ಏನು ಮಾಡಬೇಕು, ಯಾರು ಮಾಡಬೇಕು. ಪ್ರತಿ ಬ್ಯಾಚ್ ಹೋಗಿ ಬಂದ ಮೇಲೆ ನಾಲ್ಕೈದು ಪುಟ ಜಾಸ್ತಿ ಆಗುತ್ತೆ. 2024ರ ಜುಲೈನಲ್ಲಿ ನಾವು ಹನ್ನೊಂದು ಜನ ಡಿಡಿ ರೋಬೋಕಾನ್‌ಗೆ ಅಂತ ದೆಹಲಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಮೇಲೆ ಇದ್ದದ್ದು ಆ ನೋಟ್‌ಬುಕ್ಕೇ.

ರೋಬೋಕಾನ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡ್ತೀನಿ. ಏಷ್ಯಾ ಪೆಸಿಫಿಕ್ ದೇಶಗಳ ಪ್ರಸಾರ ಸಂಸ್ಥೆಗಳ ಒಕ್ಕೂಟ 2002ರಿಂದ ನಡೆಸಿಕೊಂಡು ಬಂದಿರುವ ಕಾಲೇಜು ಹುಡುಗ ಹುಡುಗಿಯರ ರೋಬೋ ಸ್ಪರ್ಧೆ ಇದು. ನಮ್ಮ ದೇಶದಲ್ಲಿ ದೂರದರ್ಶನ ಜೊತೆಗಿರೋದರಿಂದ ಡಿಡಿ ರೋಬೋಕಾನ್ ಅಂತ ಹೆಸರು. ಇಲ್ಲಿ ಗೆದ್ದ ತಂಡ ದೇಶದ ಪರವಾಗಿ ಹೊರಗೆ ಹೋಗುತ್ತೆ. ಪ್ರತಿ ವರ್ಷ ಯಾವ ದೇಶದಲ್ಲಿ ಫೈನಲ್ ನಡೆಯುತ್ತೋ ಆ ದೇಶದವರು ಆಟ ಇಡುತ್ತಾರೆ. 2022ರಲ್ಲಿ ಸರದಿ ನಮ್ಮದಿತ್ತು, ದೆಹಲಿಯಲ್ಲಿ ನಡೀತು, ಆಟ ಯಾವುದು ಗೊತ್ತಾ? ಲಗೋರಿ! ನಾವು ಬೀದಿಯಲ್ಲಿ ಆಡಿದ ಅದೇ ಲಗೋರಿಯನ್ನ ಜಪಾನಿನವರೂ ವಿಯೆಟ್ನಾಮಿನವರೂ ರೋಬೋ ಮಾಡಿ ಆಡಿದ್ರು. 2023ರಲ್ಲಿ ಕಾಂಬೋಡಿಯಾದವರು ಕಂಬಗಳಿಗೆ ರಿಂಗ್ ಎಸೆಯೋ ಆಟ ಇಟ್ಟರು. 2024ರದ್ದು ವಿಯೆಟ್ನಾಂ, ಅವರು ಇಟ್ಟಿದ್ದು ಭತ್ತದ ಸುಗ್ಗಿ.

ನಾನು ಗಂಗಾವತಿ ಕಡೆಯವಳು. ಭತ್ತ ಅಂದ್ರೆ ನನಗೆ ಪಠ್ಯದ ವಿಷಯ ಅಲ್ಲ. ಹಾಗಾಗಿ ನಿಯಮದ ಪುಸ್ತಕ ಓದುವಾಗಲೇ ಎಲ್ಲದಕ್ಕೂ ನಮ್ಮ ಮನೆಯ ಹೆಸರು ಬಂದುಬಿಟ್ಟಿತು. ಮೆಟ್ಟಿಲು ಗದ್ದೆ ಥರದ ಅಂಕಣ. ಮೊದಲ ರೋಬೋ ಸಸಿ ತಗೊಂಡು ನಾಟಿ ಮಾಡಬೇಕು, ಆಮೇಲೆ ಮೇಲಿನ ಮಡಿಗೆ ಹೋಗಿ ಕಾಳು, ಅಂದ್ರೆ ಚೆಂಡುಗಳನ್ನ, ತೆಗೆದು ಇನ್ನೂ ಮೇಲಿನ ಮಡಿಗೆ ಎಸೆಯಬೇಕು. ಎರಡನೇ ರೋಬೋ ತಾನೇ ನೋಡಿಕೊಂಡು, ಯಾರೂ ಕೈಯಿಂದ ನಡೆಸದ ಹಾಗೆ, ಚೆಂಡು ಹುಡುಕಿ ಕಣಜಕ್ಕೆ ಹಾಕಬೇಕು. ಕಣಜ ಐದು, ಎರಡೂ ತಂಡಕ್ಕೆ ಸೇರಿ. ಒಂದು ಕಣಜದಲ್ಲಿ ಮೂರು ಚೆಂಡು ಹಿಡಿಸುತ್ತೆ. ಕೆಂಪು ಒಂದು ತಂಡದ್ದು, ನೀಲಿ ಇನ್ನೊಂದು ತಂಡದ್ದು, ನೇರಳೆ ಬಣ್ಣದ್ದು ಜೊಳ್ಳು. ಜೊಳ್ಳು ಕಣಜಕ್ಕೆ ಹೋಗಬಾರದು. ಮೂರು ಕಣಜ ನಿಯಮದ ಪ್ರಕಾರ ನಮ್ಮದಾಯಿತು ಅಂದ್ರೆ ಅಲ್ಲಿಗೆ ಆಟ ಮುಗೀತು, ನಾವೇ ಗೆದ್ದ ಹಾಗೆ. ಇಲ್ಲದಿದ್ದರೆ 3 ನಿಮಿಷ ಆದ ಮೇಲೆ ಅಂಕ ಎಣಿಸುತ್ತಾರೆ.

ಈ ನೇರಳೆ ಚೆಂಡನ್ನ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತೆ.

ಮೊದಲನೇ ದಿನ: ಬೆಂಗಳೂರು

ಸಂಜೆ 7:20ಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್. ಆದರೆ ನಮ್ಮ ದಿನ ಬೆಳಿಗ್ಗೆ ಐದಕ್ಕೇ ಶುರುವಾಗಿತ್ತು, ಯಾಕಂದ್ರೆ ಪ್ಲೈವುಡ್ ಪೆಟ್ಟಿಗೆ ಎರಡನ್ನೂ ಮಧ್ಯಾಹ್ನದೊಳಗೆ ಪಾರ್ಸೆಲ್ ಆಫೀಸಿಗೆ ಮುಟ್ಟಿಸಬೇಕಿತ್ತು.

ವಿಮಾನದಲ್ಲಿ ಯಾಕೆ ಹೋಗಲಿಲ್ಲ ಅಂತ ತುಂಬಾ ಜನ ಕೇಳಿದ್ರು. ದುಡ್ಡು ಒಂದು ಕಾರಣ. ಇನ್ನೊಂದು ಬ್ಯಾಟರಿ. ನಮ್ಮ ಲಿಪೋ, ಅಂದ್ರೆ ಲಿಥಿಯಂ ಪಾಲಿಮರ್, ಬ್ಯಾಟರಿ ಆರು ಸೆಲ್‌ನದ್ದು, 22.2 ವೋಲ್ಟ್, 5200 ಮಿಲಿ ಆಂಪ್ ಅವರ್. ಗುಣಿಸಿ ನೋಡಿ, 115 ವಾಟ್ ಅವರ್ ದಾಟುತ್ತೆ. ವಿಮಾನದಲ್ಲಿ 100 ದಾಟಿದರೆ ಮೊದಲೇ ಅನುಮತಿ ತಗೋಬೇಕು, ಕೆಳಗಿನ ಲಗೇಜಿಗಂತೂ ಹಾಕೋ ಹಾಗೇ ಇಲ್ಲ. ನಮ್ಮ ಹತ್ತಿರ ಅಂಥವು ಎಂಟು ಇದ್ದವು. ಈ ಲೆಕ್ಕ ಮಾಡದೆ ಏರ್‌ಪೋರ್ಟ್‌ವರೆಗೂ ಹೋಗಿ ಬ್ಯಾಟರಿ ಬಿಟ್ಟು ಹತ್ತಿದ ತಂಡದ ಕಥೆ ಸೀನಿಯರ್‌ಗಳು ಹೇಳಿದ್ದರು, ನೋಟ್‌ಬುಕ್ಕಿನ ಎರಡನೇ ಪುಟದಲ್ಲಿ ಇದೆ.

ರೈಲಿಗೂ ನಾವು ಬ್ಯಾಟರಿಯನ್ನ ಫುಲ್ ಚಾರ್ಜ್ ಮಾಡಿಕೊಂಡು ಹೋಗಲಿಲ್ಲ. ಒಂದೊಂದು ಸೆಲ್ 3.8 ವೋಲ್ಟ್ ಹತ್ತಿರ ಇರೋ ಹಾಗೆ ಇಳಿಸಿ, ಕನೆಕ್ಟರ್ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಬೆಂಕಿ ತಡೆಯುವ ಚೀಲದಲ್ಲಿ ಹಾಕಿ, ಕೈಯಲ್ಲೇ ಇಟ್ಟುಕೊಂಡೆವು. ತುಂಬಿದ ಲಿಪೋಗೆ ಪೆಟ್ಟು ಬಿದ್ದರೆ ಆಗೋ ಅನಾಹುತ ಅರ್ಧ ಚಾರ್ಜ್ ಇದ್ದದ್ದಕ್ಕಿಂತ ಜಾಸ್ತಿ. ಸ್ಲೀಪರ್ ಬೋಗಿಯಲ್ಲಿ ಮಕ್ಕಳು ಮರಿ ಎಲ್ಲಾ ಇರ್ತಾರೆ, ಇದರಲ್ಲಿ ಉದಾಸೀನ ಮಾಡೋ ಹಾಗೇ ಇಲ್ಲ.

ಪೆಟ್ಟಿಗೆಗೆ ಹೋಗಿದ್ದು ಚಾಸಿಸ್, ಚಕ್ರ, ಮೋಟಾರ್, ಅಲ್ಯುಮಿನಿಯಂ ಪೈಪು. ಕೈಯಲ್ಲಿ ಬಂದಿದ್ದು ಕಂಟ್ರೋಲ್ ಬೋರ್ಡ್, ಕ್ಯಾಮೆರಾ, ರಿಮೋಟ್, ಲ್ಯಾಪ್‌ಟಾಪ್. ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಕೋಡ್ ಕೆಲಸ ನಿಲ್ಲಬಾರದು ಅಂತ ಈ ಏರ್ಪಾಡು. ಪುಣ್ಯಕ್ಕೆ ಪೆಟ್ಟಿಗೆಗಳು ನಮ್ಮ ಗಾಡಿಗೇ ಹತ್ತಿದವು. ಪ್ಲಾಟ್‌ಫಾರ್ಮ್ ಕೊನೆಯಲ್ಲಿ ನಿಂತು ಅವು ಒಳಗೆ ಹೋಗೋದನ್ನ ಕಣ್ಣಾರೆ ನೋಡಿದ ಮೇಲೇ ನಾನು ಬೋಗಿ ಹತ್ತಿದ್ದು.

ಎರಡನೇ ದಿನ: ರೈಲು

ಕಣ್ಣು ಬಿಟ್ಟಾಗ ಕಲಬುರಗಿ ದಾಟಿತ್ತು. ಅಲ್ಲಿಯ ಹುಡುಗ ಒಬ್ಬ ನಮ್ಮ ತಂಡದಲ್ಲಿದ್ದಾನೆ, ಅವನ ಅಪ್ಪ ಆ ನಸುಕಿನಲ್ಲೇ ಸ್ಟೇಷನ್ನಿಗೆ ಬಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋಗಿದ್ದರು. ಇದನ್ನ ಸುಮ್ನೆ ಹೇಳ್ತಿಲ್ಲ. ಸ್ಪರ್ಧೆಯ ದಿನ ಊಟಕ್ಕೆ ಟೈಮ್ ಸಿಗಲ್ಲ. ಮಧ್ಯಾಹ್ನ ಮೂರಕ್ಕೆ ಹಸಿದ ಹೊಟ್ಟೆಯಲ್ಲಿ ಸೋಲ್ಡರ್ ಮಾಡಿದ ಜಾಯಿಂಟ್ ನಾಲ್ಕಕ್ಕೆ ಕಿತ್ತು ಬರುತ್ತೆ, ಇದನ್ನ ನಾನೇ ಕಂಡಿದ್ದೀನಿ. ಕೆಡದೆ ಉಳಿಯೋ ತಿಂಡಿ ಪಿಟ್ಟಿನಲ್ಲಿ, ಅಂದ್ರೆ ತಂಡ ರೋಬೋ ಇಟ್ಟುಕೊಂಡು ಕೆಲಸ ಮಾಡೋ ಜಾಗದಲ್ಲಿ, ಇರಲೇಬೇಕು.

ಸೊಲ್ಲಾಪುರ ದಾಟಿ ದೌಂಡ್ ಬರೋವರೆಗೆ ನಾವು ಒಂದೇ ಕೆಲಸ ಮಾಡಿದ್ದು, ಸೆಟ್ಟಿಂಗ್ ಟೈಮ್ ಪ್ರಾಕ್ಟೀಸ್. ಮ್ಯಾಚಿಗೆ ಮುಂಚೆ ರೋಬೋಗಳನ್ನ ಅಂಕಣಕ್ಕೆ ತಂದು ರೆಡಿ ಮಾಡೋಕೆ 1 ನಿಮಿಷ ಕೊಡುತ್ತಾರೆ, ಅಷ್ಟೇ. ಹೊಸಬರು ಈ ಒಂದು ನಿಮಿಷವನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಲ್ಯಾಬಿನಲ್ಲಿ ಯಾರೂ ಗಡಿಯಾರ ಹಿಡಿದು ನಿಂತಿರಲ್ಲ ಅಲ್ವಾ. ಅಲ್ಲಿ ರೆಫರಿ ಸೀಟಿ ಊದಿದ ಕೂಡಲೇ ಕೈ ನಡುಗೋಕೆ ಶುರುವಾಗುತ್ತೆ, ಏರ್ ವಾಲ್ವ್ ತೆಗೆಯೋದು ಮರೆತುಹೋಗುತ್ತೆ, ಹಿಂದಿನ ಮ್ಯಾಚಿನ ಬಣ್ಣವೇ ಸ್ವಿಚ್‌ನಲ್ಲಿ ಉಳಿದಿರುತ್ತೆ. ಅದಕ್ಕೆ ನಮ್ಮಲ್ಲಿ ಒಬ್ಬರು ಜೋರಾಗಿ ಕೂಗಬೇಕು, ಇನ್ನೊಬ್ಬರು ಮುಟ್ಟಿ 'ಆಯ್ತು' ಅನ್ನಬೇಕು. ಬ್ಯಾಟರಿ. ಆಯ್ತು. ಎಮರ್ಜೆನ್ಸಿ ಬಟನ್. ಆಯ್ತು. ಏರ್. ಆಯ್ತು. ಬಣ್ಣ. ಆಯ್ತು. ರಿಮೋಟ್. ಆಯ್ತು. ಸೈಡ್ ಬರ್ತ್‌ನಲ್ಲಿದ್ದ ಅಜ್ಜಿ ಒಬ್ಬರು ನಾಲ್ಕನೇ ಸಲಕ್ಕೆ ಪಟ್ಟಿ ಬಾಯಿಪಾಠ ಮಾಡಿಕೊಂಡು 'ಏರ್ ಬಿಟ್ಟಿಯಲ್ಲೋ ತಮ್ಮಾ' ಅಂದ್ರು. ಅವರು ಹೇಳಿದ್ದು ಸರಿ ಇತ್ತು, ಅವನು ಬಿಟ್ಟಿದ್ದ.

ಮೊದಲ ವರ್ಷದ ಹುಡುಗಿಯೊಬ್ಬಳು ನನ್ನ ಪಕ್ಕ ಕೂತು ಕೇಳಿದಳು, 'ಅಕ್ಕಾ, ಬೋರ್ಡಿಗೆ ಬೇರೆ ಬ್ಯಾಟರಿ ಯಾಕೆ? ದೊಡ್ಡ ಬ್ಯಾಟರಿಯಿಂದಲೇ ಇಳಿಸ್ಕೋಬಹುದಲ್ಲ?' ಒಳ್ಳೆ ಪ್ರಶ್ನೆ. ಇಳಿಸ್ಕೋಬಹುದು, ಮೇಜಿನ ಮೇಲೆ ಚೆನ್ನಾಗಿ ಓಡುತ್ತೆ ಕೂಡ. ಆದರೆ ನಾಲ್ಕು ಮೋಟಾರ್ ಒಟ್ಟಿಗೆ ಎದ್ದಾಗ, ಅಥವಾ ಗೋಡೆಗೆ ಒತ್ತಿ ನಿಂತಾಗ, ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತೆ. ಆ ಕ್ಷಣ ಸಾಕು, ಬೋರ್ಡ್ ರೀಸೆಟ್ ಆಗುತ್ತೆ, ರೋಬೋ ಅಲ್ಲೇ ನಿಂತುಬಿಡುತ್ತೆ. ಹೊರಗಿನಿಂದ ನೋಡಿದವರಿಗೆ ಕೋಡ್ ಕೆಟ್ಟಂತೆ ಕಾಣುತ್ತೆ, ರಾತ್ರಿಯೆಲ್ಲಾ ಕೂತು ಕೋಡ್ ಹುಡುಕ್ತಾರೆ, ಅಲ್ಲಿ ಏನೂ ಸಿಗಲ್ಲ. ಇನ್ನೊಂದು, ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿ 'ಬ್ಯಾಟರಿ ಚೆನ್ನಾಗಿದೆ' ಅನ್ನೋದು ಸಾಲದು. ಹಳೆಯ ಬ್ಯಾಟರಿ ಸುಮ್ನೆ ಇಟ್ಟಾಗ 25 ತೋರಿಸುತ್ತೆ, ಲೋಡ್ ಕೊಟ್ಟ ಕೂಡಲೇ ಬಿದ್ದುಹೋಗುತ್ತೆ. ಅವಳು ಇದನ್ನೆಲ್ಲಾ ಬರ್ಕೊಂಡಳು.

ಭುಸಾವಳ ದಾಟುವಾಗ ಇನ್ನೂ ಬೆಳಕಿತ್ತು. ಎರಡೂ ಕಡೆ ಬಾಳೆ ತೋಟ. ಮಳೆ ಬಂದು ನಿಂತಿತ್ತು.

ಮೂರನೇ ದಿನ: ದೆಹಲಿ

ಇಳಿದ ಕೂಡಲೇ ಗೊತ್ತಾಗಿದ್ದು ಸೆಕೆ. ಜುಲೈ ದೆಹಲಿಯ ಸೆಕೆ ಬಿಸಿಲಿನ ಸೆಕೆ ಅಲ್ಲ, ಒದ್ದೆ ಬಟ್ಟೆ ಮೈಗೆ ಸುತ್ತಿದ ಹಾಗಿನದು. ಪೆಟ್ಟಿಗೆ ಬಿಡಿಸ್ಕೊಂಡು, ಟೆಂಪೋ ಮಾಡ್ಕೊಂಡು, ಉಳಿದುಕೊಳ್ಳೋ ಜಾಗ ಮುಟ್ಟೋ ಹೊತ್ತಿಗೆ ಸಂಜೆಯಾಗಿತ್ತು. ನೀರು ಬಾಟಲಿಯದ್ದೇ ಕುಡೀಬೇಕು ಅಂತ ಎಲ್ಲರಿಗೂ ಹೇಳಿದ್ದೆವು.

ಪೆಟ್ಟಿಗೆ ತೆಗೆಯೋ ಕೆಲಸ ನನಗೆ ತುಂಬಾ ಇಷ್ಟ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಸುಮಾರು 2,400 ಕಿಲೋಮೀಟರ್ ರೈಲು ಹಳಿಯ ಮೇಲೆ ಕುಲುಕಿದರೆ ಏನು ಸಡಿಲ ಆಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಎಲ್ಲಾ ನಟ್ಟು ಬೋಲ್ಟನ್ನೂ ಮತ್ತೆ ತಿರುಗಿಸ್ತಾ ಕೂತ್ರೆ ಒಂದು ದಿನ ಬೇಕು, ಅದರಲ್ಲಿ ಸರಿ ಇದ್ದದ್ದನ್ನೂ ಕೆಡಿಸಿರ್ತೀವಿ. ಅದಕ್ಕೆ ನಾವು ಬೆಂಗಳೂರಿನಲ್ಲೇ ಒಂದೊಂದು ನಟ್ ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ನೈಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದೆವು. ನಟ್ ಒಂದು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತೆ. ಈಗ ಟಾರ್ಚ್ ಹಿಡಿದು ಗೆರೆ ನೋಡ್ತಾ ಹೋದರಾಯಿತು. ಎರಡೂ ರೋಬೋ ಸೇರಿ ಅರ್ಧ ಗಂಟೆ. ಮೂರು ಗೆರೆ ತುಂಡಾಗಿದ್ದವು. ಎರಡು ಚಾಸಿಸ್ ಮೂಲೆಯವು, ಅಂಥಾ ದೊಡ್ಡದಲ್ಲ. ಮೂರನೆಯದು ಎಸೆಯೋ ಕೈಯ ಬುಡದ್ದು, ಅದನ್ನ ಹಾಗೇ ಬಿಟ್ಟಿದ್ದರೆ ಚೆಂಡು ಪ್ರತಿ ಸಲ ಒಂದೊಂದು ಕಡೆ ಹೋಗ್ತಿತ್ತು, ನಾವು ಗಾಳಿಯ ಒತ್ತಡ ಸರಿ ಇಲ್ಲ ಅಂದ್ಕೊಂಡು ಅಲ್ಲಿ ಹುಡುಕ್ತಿದ್ದೆವು.

ಗೆರೆ ಹಾಕೋಕೆ ಆಗದ ಜಾಗ ಒಂದಿದೆ, ಮೋಟಾರ್ ಶಾಫ್ಟಿಗೆ ಚಕ್ರದ ಕಪ್ಲಿಂಗ್ ಹಿಡಿಯೋ ಗ್ರಬ್ ಸ್ಕ್ರೂ. ಪುಟ್ಟದು, ಒಳಗಿರುತ್ತೆ, ಸಡಿಲ ಆದರೆ ಕಾಣಲ್ಲ. ಮೋಟಾರ್ ತಿರುಗುತ್ತೆ, ಚಕ್ರ ಜಾರುತ್ತೆ, ರೋಬೋ ಮೆಲ್ಲಗೆ ಒಂದು ಕಡೆ ಎಳೆಯುತ್ತೆ. ಎಂಟಕ್ಕೆ ಎಂಟನ್ನೂ ಬಿಚ್ಚಿ, ಲಾಕ್‌ಟೈಟ್ ಅನ್ನೋ ಅಂಟು ಹಾಕಿ, ಮತ್ತೆ ಬಿಗಿ ಮಾಡಿದೆವು. ಅದು ರಾತ್ರಿಯೇ ಆಗಬೇಕು, ಅಂಟು ಒಣಗೋಕೆ ಬೆಳಗಿನವರೆಗೆ ಟೈಮ್ ಬೇಕು. ಮ್ಯಾಚಿಗೆ ಹತ್ತು ನಿಮಿಷ ಮುಂಚೆ ಲಾಕ್‌ಟೈಟ್ ಹಾಕಿ ಏನೂ ಪ್ರಯೋಜನ ಇಲ್ಲ.

ನಾಲ್ಕನೇ ದಿನ: ತೂಕ, ಟ್ರಯಲ್ ಮತ್ತು ಒಂದು ಮೆಟ್ರೋ ಪ್ರಯಾಣ

ತ್ಯಾಗರಾಜ ಸ್ಟೇಡಿಯಂ ಐಎನ್‌ಎ ಮಾರುಕಟ್ಟೆಯಿಂದ ಹತ್ತಿರ. ಒಳಗೆ ಕಾಲಿಟ್ಟಾಗ ಎದೆ ಜೋರಾಗಿ ಹೊಡೆದುಕೊಂಡಿತು, ಬಚ್ಚಿಡೋದು ಏನಿದೆ. ಒಂದು ವರ್ಷ ನಾವು ಲ್ಯಾಬಿನ ನೆಲದ ಮೇಲೆ ಅರ್ಧ ಅಂಕಣ ಮಾಡ್ಕೊಂಡು ಆಡಿದ್ದು. ಪೂರ್ತಿ ಅಂಕಣ ನಾವು ನೋಡಿದ್ದು ಅದೇ ಮೊದಲು.

ಮೊದಲು ತೂಕ. ರೋಬೋ ಎರಡೂ, ಬ್ಯಾಟರಿ, ರಿಮೋಟ್ ಎಲ್ಲಾ ಸೇರಿ 50 ಕಿಲೋ ದಾಟಬಾರದು. ನಮ್ಮ ಲೆಕ್ಕದಲ್ಲಿ 48.6 ಇತ್ತು. ಅಲ್ಲಿ 49.3 ಬಂತು. ನಾವು ತೂಗಿದ್ದು ಹಾಸ್ಟೆಲ್ ಮೆಸ್ಸಿನ ಅಕ್ಕಿ ತೂಗೋ ತಕ್ಕಡಿಯಲ್ಲಿ, ಅದು ಗ್ರಾಂ ಲೆಕ್ಕಕ್ಕೆ ಆಗಿದ್ದಲ್ಲ. ನೋಟ್‌ಬುಕ್ಕಿನಲ್ಲಿ ಅಣ್ಣ ಬರೆದಿದ್ದು ನೆನಪಿತ್ತು, ಕನಿಷ್ಠ 1 ಕಿಲೋ ಕೈಯಲ್ಲಿ ಇರಲಿ ಅಂತ. ಆ ಒಂದು ಸಾಲು ಇಲ್ಲದಿದ್ದರೆ ಅವತ್ತು ನಾವು ಹ್ಯಾಕ್ಸಾ ಹಿಡಿದು ಪೈಪ್ ಕುಯ್ತಾ ಇರ್ತಿದ್ದೆವು. ಪಕ್ಕದ ತಂಡವೊಂದು ಅದನ್ನೇ ಮಾಡ್ತಿತ್ತು. ಅವರ ಮುಖ ನೋಡೋಕಾಗಲಿಲ್ಲ, ನಮ್ಮ ಒಂದು ಡ್ರಿಲ್ ಬಿಟ್ ಸೆಟ್ ಕೊಟ್ಟು ಬಂದೆವು.

ಟ್ರಯಲ್‌ನಲ್ಲಿ ನೆಲ ಬೇರೆಯಾಗಿತ್ತು. ಪೇಂಟ್ ನುಣುಪು, ಅದರ ಮೇಲೆ ಧೂಳು. ಇಳಿಜಾರು ಹತ್ತುವಾಗ ಚಕ್ರ ಜಾರಿತು. ಇದು ಗೊತ್ತಿದ್ದದ್ದೇ. ಓಮ್ನಿ ಚಕ್ರದ ಪುಟ್ಟ ಪುಟ್ಟ ರೋಲರ್‌ಗಳಿಗೆ ಧೂಳು ಅಂಟಿದರೆ ಹಿಡಿತ ಹೋಗುತ್ತೆ. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿ ಹೋಯ್ತು. ಪ್ರತಿ ಓಟಕ್ಕೂ ಮುಂಚೆ ಒರೆಸೋದು ಒಬ್ಬ ಹುಡುಗನ ಕೆಲಸ ಅಂತ ಅಲ್ಲೇ ಬರೆದಿಟ್ಟೆವು.

ಬೆಳಕೂ ಬೇರೆ. ಲ್ಯಾಬಿನಲ್ಲಿ ಟ್ಯೂಬ್‌ಲೈಟು, ಇಲ್ಲಿ ಮೇಲಿನಿಂದ ಸುರಿಯೋ ದೊಡ್ಡ ಲೈಟುಗಳು. ಚೆಂಡಿನ ನೆತ್ತಿಯ ಮೇಲೆ ಬಿಳಿ ಹೊಳಪು, ಕೆಳಗೆ ಗಾಢ ನೆರಳು. ಕ್ಯಾಮೆರಾವನ್ನ ಅದರ ಪಾಡಿಗೆ ಬಿಟ್ಟರೆ ಅದು ಎದುರಿಗೆ ಕೆಂಪು ನೆಲ ಬಂದಾಗ ಒಂದು ಥರ, ನೀಲಿ ನೆಲ ಬಂದಾಗ ಒಂದು ಥರ ತಾನೇ ಬಣ್ಣ ಹೊಂದಿಸ್ಕೊಳ್ಳುತ್ತೆ. ಮನುಷ್ಯರ ಕಣ್ಣಿಗೆ ಚಂದ ಕಾಣಲಿ ಅಂತ ಮಾಡಿದ ಏರ್ಪಾಡು ಅದು. ರೋಬೋಗೆ ಅದರಿಂದಲೇ ತೊಂದರೆ, ಯಾಕಂದ್ರೆ ನಿನ್ನೆ ನೇರಳೆ ಅಂತ ಕಲಿತ ಅಂಕಿ ಇವತ್ತು ನೇರಳೆ ಆಗಿರಲ್ಲ. ಇದಕ್ಕೂ ತಯಾರಾಗಿ ಬಂದಿದ್ದೆವು. ಆ ತಾನಾಗೇ ಹೊಂದಿಸ್ಕೊಳ್ಳೋದನ್ನ ಆಫ್ ಮಾಡಿ, ಬೆಳಕಿನ ಮಟ್ಟ, ಬಿಳಿಯ ಮಟ್ಟ ಎರಡನ್ನೂ ನಾವೇ ಕಟ್ಟಿಹಾಕಿ, ಅಂಕಣದ ನಾಲ್ಕು ಮೂಲೆಯಲ್ಲಿ ಚೆಂಡಿಟ್ಟು ಅಳತೆ ತಗೊಂಡೆವು. ಎರಡನೇ ಟ್ರಯಲ್‌ನಲ್ಲಿ ಕೆಂಪು, ನೀಲಿ, ನೇರಳೆ ಮೂರನ್ನೂ ತಪ್ಪದೆ ಹೇಳಿತು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ನಾನೇ ಟಿಕ್ ಹಾಕಿದೆ.

ಸಂಜೆ ಒಂದು ತಪ್ಪು ಆಯ್ತು, ನನ್ನಿಂದಲೇ. ಗ್ರಿಪ್ಪರ್, ಅಂದ್ರೆ ರೋಬೋದ ಹಿಡಿಯೋ ಕೈ, ಸ್ವಲ್ಪ ಮೇಲೆತ್ತೋಕೆ ಹೊಸ ತೂತು ಬೇಕಿತ್ತು. ಬೋರ್ಡ್ ಮುಚ್ಚದೆ ಡ್ರಿಲ್ ಮಾಡಿದೆ. ಅಲ್ಯುಮಿನಿಯಂ ಸುರುಳಿಯ ಒಂದು ಚೂರು ಮೋಟಾರ್ ಡ್ರೈವರ್, ಅಂದ್ರೆ ಮೋಟಾರಿಗೆ ಕರೆಂಟ್ ಕೊಡೋ ಬೋರ್ಡಿನ, ಮೇಲೆ ಬಿತ್ತು. ಪವರ್ ಕೊಟ್ಟ ಕೂಡಲೇ ಚಟ್ ಅಂತ ಸದ್ದು, ಸುಟ್ಟ ವಾಸನೆ. ಸ್ಪೇರ್ ಒಂದು ಇತ್ತು, ಹಾಕಿದೆವು. ಆದರೆ ಸ್ಪೇರ್ ಹಾಕಿದ ಮೇಲೆ ಸ್ಪೇರ್ ಇಲ್ಲ! ಇಬ್ಬರು ಐಎನ್‌ಎಯಲ್ಲಿ ಹಳದಿ ಲೈನ್ ಮೆಟ್ರೋ ಹತ್ತಿ ಚಾಂದನಿ ಚೌಕಕ್ಕೆ ಹೋದರು. ಕೆಂಪು ಕೋಟೆಯ ಎದುರಿಗೆ ಲಾಜಪತ ರಾಯ್ ಮಾರ್ಕೆಟ್ ಇದೆ, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್ ಇದ್ದ ಹಾಗೆ, ಎಲೆಕ್ಟ್ರಾನಿಕ್ಸ್ ಸಾಮಾನಿನ ಗಲ್ಲಿ ಗಲ್ಲಿ. ಅಂಗಡಿ ಮುಚ್ಚೋ ಹೊತ್ತಿಗೆ ಹೊಂದೋ ಡ್ರೈವರ್ ಎರಡು ತಂದರು. ದೆಹಲಿಗೆ ಹೋಗೋ ತಂಡದವರು ಈ ಜಾಗ ಮೊದಲೇ ತಿಳ್ಕೊಂಡಿರಿ, ಭಾನುವಾರ ಮುಚ್ಚಿರುತ್ತೆ ಅನ್ನೋದನ್ನೂ. ಮತ್ತೆ, ಡ್ರಿಲ್ ಹಿಡಿಯೋಕೆ ಮುಂಚೆ ಬೋರ್ಡಿನ ಮೇಲೆ ಒದ್ದೆ ಮಾಡದ ಒಂದು ಬಟ್ಟೆ ಹಾಸಿ. ಇಷ್ಟು ಸಾಕಿತ್ತು.

ಐದನೇ ದಿನ: ಮ್ಯಾಚ್

ಬೆಳಿಗ್ಗೆ ನಮ್ಮ ಮೊದಲ ಡ್ರೈವರ್ ಏಳಲಿಲ್ಲ. ಡ್ರೈವರ್ ಅಂದ್ರೆ ಮೊದಲ ರೋಬೋವನ್ನ ರಿಮೋಟ್‌ನಲ್ಲಿ ನಡೆಸೋ ಹುಡುಗ. ರಾತ್ರಿಯೆಲ್ಲಾ ವಾಂತಿ, ಜ್ವರ. 2023ರಲ್ಲೂ ಹೀಗೇ ಆಗಿತ್ತು, ಅವಾಗ ಬೇರೆ ಯಾರಿಗೂ ರಿಮೋಟ್ ಹಿಡಿದು ಅಭ್ಯಾಸ ಇರಲಿಲ್ಲ. ಈ ಸಲ ಇಬ್ಬರು ಡ್ರೈವರ್, ಇಬ್ಬರಿಗೂ ಸಮ ಗಂಟೆ ಪ್ರಾಕ್ಟೀಸ್ ಅಂತ ಮಾರ್ಚ್‌ನಲ್ಲೇ ಹಟ ಹಿಡಿದಿದ್ದೆವು. ಎರಡನೆಯವಳು ಮಂಡ್ಯದ ಹುಡುಗಿ. 'ನಾಟಿ ತಾನೇ, ನಾನು ಮಾಡ್ತೀನಿ ಬಿಡಿ' ಅಂದಳು. ಒಬ್ಬರು ರೂಮಿನಲ್ಲಿ ಉಳಿದು ಅವನಿಗೆ ಓಆರ್‌ಎಸ್ ಕುಡಿಸಿದರು, ಉಳಿದವರು ಹೊರಟೆವು.

ರಿಮೋಟ್ ಬಗ್ಗೆ ನಮಗಿದ್ದ ಹೆದರಿಕೆ ಬ್ಲೂಟೂತ್. ನೂರಾರು ಜನರ ಫೋನು, ಎಲ್ಲಾ ತಂಡದ ರಿಮೋಟು, ವೈಫೈ, ಎಲ್ಲಾ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಕೂಗಾಡ್ತಿರುತ್ತೆ. ಲ್ಯಾಬಿನಲ್ಲಿ ನಾವು ಎಲ್ಲರ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ರೋಬೋ ಸುತ್ತ ಇಟ್ಟು ಓಡಿಸಿ ನೋಡಿದ್ದೆವು. ರಿಮೋಟ್‌ನಿಂದ 200 ಮಿಲಿ ಸೆಕೆಂಡ್ ಸುದ್ದಿ ಬರದಿದ್ದರೆ ಮೋಟಾರ್ ತಾನೇ ನಿಲ್ಲಬೇಕು ಅಂತ ಕೋಡ್‌ನಲ್ಲಿ ಹಾಕಿದ್ದೆವು. ಇದು ಯಾವ ತಂಡವೂ ಬಿಡಬಾರದ ಸಾಲು. ಇಲ್ಲದಿದ್ದರೆ ಕನೆಕ್ಷನ್ ಕಡಿದಾಗ ರೋಬೋ ಕೊನೆಯ ಆಜ್ಞೆಯನ್ನೇ ಹಿಡ್ಕೊಂಡು ನೇರ ಜನರ ಕಡೆಗೆ ನುಗ್ಗುತ್ತೆ. ಅವತ್ತು ಪಿಟ್ಟಿನಲ್ಲಿ ಎರಡು ಸಲ ಕಡಿಯಿತು, ಎರಡು ಸಲವೂ ಚಕ್ರ ನಿಂತವು.

ಮೊದಲ ಮ್ಯಾಚ್‌ನಲ್ಲಿ ನಮಗೆ ಕೆಂಪು. ಮಂಡ್ಯದ ಹುಡುಗಿ ನಾಟಿ ಮಾಡಿದ್ದು ನೋಡಬೇಕಿತ್ತು, ಸಾಲು ತಪ್ಪದೆ, ಗಡಿಬಿಡಿ ಇಲ್ಲದೆ. ಎರಡನೇ ರೋಬೋ ಕೆಂಪು ಚೆಂಡು ಒಂದೊಂದೇ ಹುಡುಕಿ ಕಣಜಕ್ಕೆ ಹಾಕಿತು. ಅಂಕದ ಮೇಲೆ ಗೆದ್ದೆವು. ಕಿರುಚಿ ಕಿರುಚಿ ಗಂಟಲು ಕಟ್ಟಿತು.

ಎರಡನೇ ಮ್ಯಾಚ್‌ನಲ್ಲಿ ನೀಲಿ. ಎರಡನೇ ರೋಬೋ ಮೇಲಿನ ಮಡಿಗೆ ಹೋಯಿತು, ಒಂದು ಚೆಂಡಿನ ಮುಂದೆ ನಿಂತಿತು, ಹಿಡಿಯಿತು, ಕಣಜದ ಕಡೆ ತಿರುಗಿತು. ಹಿಡಿದಿದ್ದು ನೇರಳೆ. ರೀಟ್ರೈ ಕೇಳಿದೆವು, ವಾಪಸ್ ತಂದು ಮತ್ತೆ ಬಿಟ್ಟೆವು. ಮತ್ತೆ ನೇರಳೆ. ಮೂರನೇ ಸಲವೂ ನೇರಳೆಯೇ. 3 ನಿಮಿಷ ಮುಗೀತು. ನಾನು ಅಂಕಣದ ಪಕ್ಕ ನಿಂತಿದ್ದೆ, ನನ್ನ ಕೈಯಲ್ಲಿ ಟಿಕ್ ಹಾಕಿದ ಆ ನೋಟ್‌ಬುಕ್ ಇತ್ತು.

ರಾತ್ರಿ ಊಟ ಆದ ಮೇಲೆ ರೂಮಿನ ನೆಲದ ಮೇಲೆ ರೋಬೋ ಇಟ್ಟು ಎಲ್ಲರೂ ಸುತ್ತ ಕೂತೆವು. ಟ್ರಯಲ್‌ನಲ್ಲಿ ಸರಿ ಇದ್ದದ್ದು ಮ್ಯಾಚ್‌ನಲ್ಲಿ ಯಾಕೆ ಕೆಟ್ಟಿತು? ಒಬ್ಬ ಬೆಳಕು ಬದಲಾಗಿದೆ ಅಂದ, ಒಬ್ಬ ಲೆನ್ಸ್ ಕೊಳೆಯಾಗಿದೆ ಅಂದ. ಆಗ ಮೊದಲ ವರ್ಷದ ಆ ಹುಡುಗಿ ಮೆಲ್ಲಗೆ ಕೇಳಿದಳು, 'ಅಕ್ಕಾ, ಟ್ರಯಲ್ ಆದ ಮೇಲೆ ನಾವು ಬ್ಯಾಟರಿ ಬದಲಾಯಿಸಿದ್ವಲ್ಲ, ಆಗ ಕ್ಯಾಮೆರಾನೂ ಆಫ್ ಆಗಿ ಆನ್ ಆಯ್ತಲ್ವಾ?'

ಅದೇ ಆಗಿತ್ತು. ನಾವು ಕಟ್ಟಿಹಾಕಿದ ಬೆಳಕಿನ ಮಟ್ಟ, ಬಿಳಿಯ ಮಟ್ಟ ಎರಡೂ ಪವರ್ ಹೋದ ಕೂಡಲೇ ಮರೆತುಹೋಗಿವೆ. ಆನ್ ಆದ ಮೇಲೆ ಕ್ಯಾಮೆರಾ ಮತ್ತೆ ತನ್ನ ಪಾಡಿಗೆ ಬಣ್ಣ ಹೊಂದಿಸ್ಕೊಳ್ಳೋಕೆ ಶುರು ಮಾಡಿದೆ. ಹಾಗಾದರೆ ಮೊದಲ ಮ್ಯಾಚ್ ಹೇಗೆ ಸರಿ ಹೋಯ್ತು? ನಮಗೆ ಕೆಂಪು ಬಂದಿತ್ತು. ಬಣ್ಣ ಎಷ್ಟೇ ಸರಿದಾಡಿದರೂ ಕೆಂಪು ಚೆಂಡು ನೇರಳೆಯ ಹತ್ತಿರ ಬರ್ತಿರಲಿಲ್ಲ. ನೀಲಿಗೂ ನೇರಳೆಗೂ ಮಾತ್ರ ನಡುವೆ ಜಾಗ ಕಡಿಮೆ. ಗೆದ್ದ ಮ್ಯಾಚ್ ಈ ತಪ್ಪನ್ನ ಮುಚ್ಚಿಟ್ಟಿತ್ತು.

ನಮ್ಮ ಊರಲ್ಲಿ ಜೊಳ್ಳು ತೂರಿ ಬೇರೆ ಮಾಡುತ್ತಾರೆ. ಗಾಳಿ ಬರೋ ದಿಕ್ಕಿಗೆ ನಿಂತು ಮೊರದಿಂದ ಸುರಿದರೆ ಕಾಳು ಕೆಳಗೆ ಬೀಳುತ್ತೆ, ಜೊಳ್ಳು ಆಚೆ ಹೋಗುತ್ತೆ. ಅಜ್ಜಿ ಪ್ರತಿ ಸಲ ಶುರು ಮಾಡೋಕೆ ಮುಂಚೆ ಒಂದು ಹಿಡಿ ಹೊಟ್ಟು ಮೇಲಕ್ಕೆ ಎಸೆದು ಗಾಳಿ ನೋಡ್ತಿದ್ದಳು. ನಿನ್ನೆ ನೋಡಿದ್ದು ಇವತ್ತಿಗೆ ಆಗಲ್ಲ ಅಂತ. ಅವತ್ತು ರಾತ್ರಿ ನನಗೆ ಅದೇ ನೆನಪಾಯಿತು. ನಾವು ಒಂದು ಸಲ ಅಳತೆ ತಗೊಂಡು ಟಿಕ್ ಹಾಕಿದ್ದೆವು, ಅಷ್ಟೇ.

ಸರಿ ಮಾಡೋಕೆ ಹಿಡಿದಿದ್ದು ಇಪ್ಪತ್ತು ನಿಮಿಷ. ರೋಬೋ ಆನ್ ಆದಾಗಲೆಲ್ಲಾ ಪ್ರೋಗ್ರಾಂ ತಾನೇ ಕ್ಯಾಮೆರಾದ ಮಟ್ಟಗಳನ್ನ ಮತ್ತೆ ಹಾಕಬೇಕು, ಹಾಕಿದ ಮೇಲೆ ಓದಿ ನೋಡಬೇಕು, ಹೊಂದದಿದ್ದರೆ ಹಿಂದಿನ ಪುಟ್ಟ ದೀಪ ಕೆಂಪಗಾಗಬೇಕು. ಸೆಟ್ಟಿಂಗ್ ಟೈಮ್ ಕೂಗುವ ಪಟ್ಟಿಗೆ ಒಂದು ಪದ ಸೇರಿತು, ದೀಪ.

ಆರನೇ ದಿನ: ಕೊನೆಯ ಮ್ಯಾಚ್

ದೀಪ. ಆಯ್ತು. ಮತ್ತೆ ನೀಲಿ ಬಂತು, ನಾವು ಬೇಡಿಕೊಂಡ ಹಾಗೆ. ನಮ್ಮ ಎರಡನೇ ರೋಬೋ ನೇರಳೆ ಚೆಂಡಿನ ಮುಂದೆ ಬಂದು ಒಂದು ಕ್ಷಣ ನಿಂತಿತು, ಆಮೇಲೆ ಪಕ್ಕಕ್ಕೆ ಸರಿದು ಅದರ ಹಿಂದಿದ್ದ ನೀಲಿಯನ್ನ ಹಿಡಿಯಿತು. ನಾವು ಎಷ್ಟು ಜೋರಾಗಿ ಕೂಗಿದೆವು ಅಂದ್ರೆ ಎದುರಿನ ತಂಡದವರೂ ನಮ್ಮ ಕಡೆ ತಿರುಗಿ ನೋಡಿದರು. ಎರಡು ಕಣಜ ತುಂಬುತ್ತಾ ಬಂದಿತ್ತು. ಅಷ್ಟರಲ್ಲಿ ಅವರದ್ದು ಮೂರು ಕಣಜ ಆಗಿಹೋಯ್ತು. ಅವರ ರೋಬೋ ನಮ್ಮದಕ್ಕಿಂತ ಬಹಳ ವೇಗ, ಚೆಂಡು ಹಿಡಿದು ತಿರುಗೋದೇ ಕಾಣ್ತಿರಲಿಲ್ಲ. ಸೋತೆವು, ಅಲ್ಲಿಗೆ ನಮ್ಮ ಓಟ ಮುಗೀತು.

ಮ್ಯಾಚ್ ಆದ ಮೇಲೆ ಅವರ ಪಿಟ್ಟಿಗೆ ಹೋಗಿ ಒಂದು ಗಂಟೆ ನಿಂತು ನೋಡಿದೆವು. ಅವರು ಏನೂ ಮುಚ್ಚಿಡಲಿಲ್ಲ. ಅವರ ಪಿಟ್ಟಿನ ಗೋಡೆಗೂ ಒಂದು ಪಟ್ಟಿ ಅಂಟಿಸಿತ್ತು, ಹಿಂದಿಯಲ್ಲಿ. ಬ್ಯಾಟರಿಗಳಿಗೆಲ್ಲಾ ನಂಬರ್, ಯಾವುದು ಎಷ್ಟು ಮ್ಯಾಚ್ ಓಡಿದೆ ಅಂತ ಲೆಕ್ಕ. ಅದನ್ನ ನಾವು ಮಾಡಿರಲಿಲ್ಲ. ಫೋಟೋ ತೆಗೆದುಕೊಂಡೆವು.

ಜ್ವರದ ಹುಡುಗ ಸಂಜೆ ಹೊತ್ತಿಗೆ ಎದ್ದು ಸ್ಟೇಡಿಯಮ್ಮಿಗೆ ಬಂದ. ಫೈನಲ್ ಎಲ್ಲರೂ ಒಟ್ಟಿಗೆ ಕೂತು ನೋಡಿದೆವು.

ವಾಪಸ್

ರೈಲು ಹತ್ತೋ ಮುಂಚೆ ಯಾರೋ ಪೊಟ್ಟಣದಲ್ಲಿ ನೇರಳೆ ಹಣ್ಣು ತಂದರು, ಅಲ್ಲಿ ಅದೇ ಸೀಸನ್. ಗ್ವಾಲಿಯರ್ ದಾಟಿದ ಮೇಲೆ ನಾನು ಮೇಲಿನ ಬರ್ತ್‌ನಿಂದ ಕೆಳಗೆ ನೋಡಿದರೆ ಮೊದಲ ವರ್ಷದ ಹುಡುಗಿ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟು, ಕ್ಯಾಮೆರಾ ಚುಚ್ಚಿ, ಅದರ ಮುಂದೆ ಒಂದು ಹಣ್ಣು ಹಿಡಿದಿದ್ದಳು. ಪರದೆಯ ಮೇಲೆ 'ನೇರಳೆ' ಅಂತ ಬಂತು. ಕೇಬಲ್ ಕಿತ್ತಳು, ಮತ್ತೆ ಚುಚ್ಚಿದಳು. 'ನೇರಳೆ'. ಮತ್ತೆ ಕಿತ್ತಳು. ಪಕ್ಕದಲ್ಲಿ ನೋಟ್‌ಬುಕ್ ತೆರೆದಿತ್ತು, ಎಡಗಡೆ ಪುಟದಲ್ಲಿ 'ಆಫ್ ಆಗಿ ಆನ್ ಆದಾಗ ಕ್ಯಾಮೆರಾ ಮರೆಯುತ್ತೆ' ಅಂತ ಬರೆದು, ಬಲಗಡೆ ಪುಟದಲ್ಲಿ ಒಂದೊಂದು ಸಲಕ್ಕೂ ಒಂದೊಂದು ಗೆರೆ ಎಳೀತಿದ್ದಳು. ಏಳಾಗಿತ್ತು.

'ಎಷ್ಟು ಸಲ ಮಾಡ್ತೀಯೇ?' ಅಂದೆ.

'ಐವತ್ತು, ಅಕ್ಕಾ. ಕತ್ತಲಾದ ಮೇಲೆ ಬೋಗಿಯ ಲೈಟ್ ಹಾಕ್ತಾರಲ್ಲ, ಆಗ ಇನ್ನೂ ಐವತ್ತು. ನೀವು ಹಣ್ಣು ಖಾಲಿ ಮಾಡಬೇಡಿ.'